ಸೆರಗಿದ್ದದ್ದು, ಸೆರಗಿಲ್ಲದ್ದು

ಬಾಗಲಕೋಟಿಯ ಮಹಡಿ ಅಂಗಡ್ಯಾಗ
ಎರಡು ಡಬ್ಬಿ ಬಿಚ್ಚಿಟ್ಟ ಜಕಾತಿಯವರ ಹುಡುಗ.
ಒಂದು ಉದ್ದಂದು, ನೂರಾ ನಾಲ್ಕು ಕೀಲಿ.
ಒಂದು ಗಿಡ್ಡಂದು, ಅರವತ್ತೆಂಟು.
"ಒತ್ತಿ ನೋಡ್ರಿ ಅಕ್ಕಾರ, ಒತ್ತಾಕ ರೊಕ್ಕ ಬೀಳಂಗಿಲ್ಲ."

ಒತ್ತಿದೆ. ಟಕ್ ಅಂತು.
ಮನ್ಯಾಗಿನ ರಬ್ಬರಿನ ಬೋರ್ಡು ಹನ್ನೊಂದು ವರ್ಷ
ನಾದಿದ ಹಿಟ್ಟಿನಂಗ ಸುಮ್ಮನ ಒತ್ತಿಸಿಕೊಂಡಿತ್ತು.
ಇದು ಹಂಗಲ್ಲ, ಪ್ರತಿ ಕೀಲಿ ಬುಡಕ ಒಂದು ಸ್ಪ್ರಿಂಗು,
ಹೂಂ ಅಂತೈತಿ,
ಬೆರಳ ಹಿಂದಕ್ಕ ಕಳಸತೈತಿ.

ಗುಳೇದಗುಡ್ಡದಾಕಿ ನಾನು.
ಏಳು ಖಣದ ಅಂಗಡಿಗಳ ಲೆಕ್ಕ ನನ್ನ ಬಲಗೈಯಾಗ.
ಆ ಕೈಯ ಭುಜ ದೀಪಾವಳಿಯಿಂದ ನೋಯಾಕ ಹತ್ತಿತ್ತು.
"ಮೌಸ್ ಹಿಡಿಯಾಕ ಕೈ ಬಾಳ ದೂರ ಹೊಂಟೈತಿ,
ಅಂಕಿಗಳ ಆಚಿ ದಂಡಿಗೆ.
ಅಂಕಿ ಇಲ್ಲದ ಗಿಡ್ಡಂದು ತಗೋರಿ" ಅಂದಿದ್ರು ಡಾಕ್ಟರು.

ಗಿಡ್ಡಂದು ಥೇಟ್ ನಮ್ಮೂರ ಖಣ.
ಅಂಗೈ ಅಗಲದಾಗ ನವಿಲು, ಕಮಲ, ಕಟ್ಟಿ ದಂಡಿ,
ಏನೂ ಬಿಟ್ಟಿಲ್ಲ, ಎಲ್ಲಾ ಒತ್ತಿ ಕುಂತಾವು.
ಅಳಿಸೋ ಕೀಲಿ ಮತ್ತೊಂದು ಕೀಲಿಯ ಹೊಟ್ಟ್ಯಾಗ.
ಬೆಲಿ ಮಾತ್ರ ಆರುನೂರು ಹೆಚ್ಚು.
"ಕೀಲಿ ಕಡಿಮಿ, ರೊಕ್ಕ ಹೆಚ್ಚು, ಇದ್ಯಾವ ನ್ಯಾಯಪ್ಪಾ?"
"ಸಣ್ಣದರಾಗ ಕೆಲಸ ಬಾಳ ಇರತೈತ್ರಿ."
ಖಣ ಮಾರೋ ಊರಿನಾಕಿಗೆ ಖಣದ ಮಾತು ಹೇಳಿದ.

ಉದ್ದಂದು ಇಳಕಲ್ ಸೀರಿ.
ಮೈ ಬ್ಯಾರೆ, ಸೆರಗು ಬ್ಯಾರೆ,
ನಡುವ ಕೊಂಡಿ ಹಾಕಿ ಕೂಡಿಸಿದ್ದು.
ಬಲಕ್ಕ ಇಳಿಬಿಟ್ಟ ಹದಿನೇಳು ಕೀಲಿಯ ಸೆರಗು.
ನಮ್ಮವ್ವನೂ ಬಲ ಹೆಗಲ ಮ್ಯಾಲ ಹೊರತಿದ್ಲು;
ಆಕಿಗೆ ಯಾವ ಡಾಕ್ಟರೂ ತೆಗಿ ಅನ್ನಲಿಲ್ಲ.

ಗಿಡ್ಡಂದರ ಮ್ಯಾಲ ಒಂದು ಬಿಲ್ ಹೊಡದು ನೋಡಿದೆ,
ಹದಿನೆಂಟು ಸಾವಿರದ ನಾಲ್ಕುನೂರಾ ಐವತ್ತು.
ಕಣ್ಣು ಪರದೆ ಮ್ಯಾಲ, ಕೈ ತನ್ನ ಹಾದಿ ತಾ ಹಿಡಿದು ಹೋತು.
ಬೆರಳು ಅಂಗಡಿಯ ಗಾಜಿನ ಮ್ಯಾಲ ಕುಣಿದ್ವು.
ಗಾಜು ಒಂದು ಪೈಸೆನೂ ಬರಕೊಳ್ಳಲಿಲ್ಲ.

ಹುಡುಗ ನಕ್ಕ: "ಮ್ಯಾಲಿನ ಸಾಲಿನ್ಯಾಗ ಅಂಕಿ ಅದಾವ್ರಿ."
ಅದಾವು. ಸಾಲಿ ಪ್ರಾರ್ಥನಾಕ್ಕ ನಿಂತ ಹುಡುಗರಂಗ.
ನನಗ ಅವು ಮನ್ಯಾಗ ಬೇಕು,
ಏಳರ ಕೆಳಗ ನಾಲ್ಕು, ನಾಲ್ಕರ ಕೆಳಗ ಒಂದು,
ನಡುವ ಐದು, ಅದರ ನೆತ್ತಿ ಮ್ಯಾಲ
ರಾಗಿ ಕಾಳಿನಷ್ಟು ಗುಬುಟು.
ಲೈಟು ಹೋದ್ರೂ ಆ ಕಾಳು ಸಿಗತೈತಿ.

ಆದ್ರೂ ಖರೇ ಹೇಳಬೇಕಂದ್ರ
ಗಿಡ್ಡಂದರ ಬಾಜೂಕ ಉಳಿದ ಗಾಜು ನೋಡಕೋತ
ಬಾಳ ಹೊತ್ತು ನಿಂತೆ.
ಒಂದು ಗೇಣು ಜಾಗ.
ನನ್ನ ಮೇಜಂದ್ರ ಅಪ್ಪನ ಹಳೇ ಮಗ್ಗದ ಹಲಗಿ,
ಅದರ ಮ್ಯಾಲ ಪ್ರಿಂಟರು, ಪಾವತಿ ಬುಕ್ಕು, ಮಗಳ ಕಂಪಾಸ್ ಡಬ್ಬಿ,
ಯಾರದೋ ಮಾತ್ರಿ, ಯಾರದೋ ಚಾರ್ಜರು.
ಏನೂ ಇಡದ ಒಂದು ಗೇಣು
ಆ ಮನ್ಯಾಗ ನನ್ನ ಹೆಸರಿಗೆ ಎಂದೂ ಇರಲಿಲ್ಲ.

ಉದ್ದಂದ ಕಟ್ಟಿಸಿಕೊಂಡೆ.

ಬಸ್ಸಿನ್ಯಾಗ ತೊಡಿ ಮ್ಯಾಲ ಅಡ್ಡ ಇಟ್ಟಿದ್ದೆ.
ಬಾಜೂಕ ಕುಂತ ಮುದುಕಗ ಮೂಲಿ ಚುಚ್ಚತಿತ್ತು.
ಶಿರೂರು ದಾಟೂತನ ತಡಕೊಂಡು ಕೇಳಿದ:
"ಬಾರಸೂ ಪೆಟ್ಟಿಗಿ ಏನವಾ? ಭಜನಿಗೆ ಹೊಂಟೀಯೇನ?"
"ಹೂನ್ರಿ" ಅಂದೆ,
"ರಾತ್ರಿ ಒಂಬತ್ತರಿಂದ."

ಈಗ ಮೌಸ್ ಎಡಕ್ಕ ಸರಿದೈತಿ.
ಎಡಗೈ ನಿನ್ನೆ ಹುಟ್ಟಿದ ಕೂಸು;
ಬಾಣ ತುರ್ತ ಮೂಲಿಗೆ ಓಡತೈತಿ,
'ಉಳಿಸು' ಅನ್ನೂದರ ಬಾಜೂಕ ಹೋಗಿ
'ಅಳಿಸು' ಅನ್ನೂದರ ಮ್ಯಾಲ ನಿಂದರತೈತಿ.
ಅಪ್ಪ ಎರಡೂ ಕೈಲೆ ಲಾಳಿ ಒಗೀತಿದ್ದ.
ಎಷ್ಟು ದಿನಕ್ಕ ಕಲತಿ ಅಂತ ಕೇಳಬೇಕಿತ್ತು.

ಗ್ವಾಡಿ ಆಚಿ ಶಂಕ್ರೆವ್ವನ ಮಗ್ಗ ನಿಂತು ತಾಸಾತು.
ಟಕ ಟಕ ಟಕ.
ಭುಜ ಇನ್ನೂ ನೋಯತೈತಿ, ಮೊದಲಿನಷ್ಟಲ್ಲ.
ಒಂದು ತಪ್ಪು ಬಿತ್ತು, ಮತ್ತ ಹುಡುಕಬೇಕು,
ಮೂರು ರೂಪಾಯಿ ಎಲ್ಲೋ ಹೆಚ್ಚಾಗ್ಯಾವು.