ಕಣ್ಣಿನ ಮಟ್ಟ

ಹಂಪನಕಟ್ಟೆಯ ಎರಡನೇ ಮಾಳಿಗೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಾನು ಹೇಳುವುದು ಒಂದೇ:
ಗಲ್ಲ ಸ್ವಲ್ಪ ಕೆಳಗೆ, ನಗಬೇಡಿ, ಕಣ್ಣು ಮಿಟುಕಿಸಬೇಡಿ.
ಮಿಟುಕಿಸದವರು ಯಾರೂ ಬಂದದ್ದಿಲ್ಲ,
ಮೊನ್ನೆ ಲಾದ್ರು ಮಾಮ ರಸ್ಕಿನ ಡಬ್ಬಿ ತರುವವರೆಗೆ.

ಹತ್ತಿ ಬಿಡಿಸಿದರೆ ಒಳಗೆ ಊರು.
ಬುಟ್ಟಿ ಹೊತ್ತ ಮೀನಿನವಳು, ಸೀಟಿ ಕಚ್ಚಿದ ಕಂಡಕ್ಟರ್,
ತೊಡೆಯ ಮೇಲೆ ಮೊರವಿಟ್ಟು ಬೀಡಿ ಕಟ್ಟುವ ಮೂವರು,
ಹಂಚಿನ ಅಟ್ಟಿ ಹೊತ್ತು ಅರ್ಧ ಹೆಜ್ಜೆಯಲ್ಲಿ ನಿಂತ ಒಬ್ಬ.
ಯಾರೂ ಹೆಬ್ಬೆರಳಿನ ಗಂಟು ದಾಟುವುದಿಲ್ಲ.
ಜೆಪ್ಪುವಿನ ಕಾರ್ಖಾನೆ ಮುಚ್ಚಿದ ದಿನ
ಎಲ್ಲರೂ ಬಾಕಿ ಸಂಬಳ ಕೇಳುತ್ತಿದ್ದಾಗ
ಮಾಮ ಒಂದು ಗೋಣಿ ಜೇಡಿ ಕೇಳಿ ತಂದರಂತೆ.

"ಚರ್ಚ್ ಹಾಲಿನಲ್ಲಿ ಎಗ್ಸಿಬಿಷನ್ ಉಂಟು, ಪುಸ್ತಕ ಮಾಡ್ತಾರೆ.
ಕ್ಲಿಯರ್ ಬರಬೇಕು ಮಾರಾಯ್ತಿ.
ಬುಟ್ಟಿಯಲ್ಲಿ ಬೂತಾಯಿ ಎಷ್ಟು ಅಂತ
ಲೆಕ್ಕ ಮಾಡುವ ಹಾಗೆ ಬರಬೇಕು."

ಮೊದಲ ಫೋಟೋ ನಿಂತೇ ತೆಗೆದೆ.
ಮೇಲಿನಿಂದ ನೋಡಿದರೆ ಎಲ್ಲರೂ ಗೊಂಬೆಗಳು.
ಫ್ಲಾಶ್ ಹೊಡೆದರೆ ಪೇಂಟು ಬೆವರುತ್ತದೆ,
ನೆರಳು ಹಿಂದಿನ ಹಾಳೆಗೆ ಎಣ್ಣೆ ಕಲೆಯಂತೆ ಅಂಟುತ್ತದೆ.
ಫ್ಯಾನು ತಿರುಗಿದರೆ ಕಂಡಕ್ಟರ್ ಕವುಚಿ ಬೀಳುತ್ತಾನೆ.

ಫ್ಯಾನು ಆರಿಸಿದೆ. ರವಿಕೆ ಬೆನ್ನಿಗೆ ಅಂಟಿತು.
ಕಿಟಕಿಗೆ ಬಟರ್ ಪೇಪರ್ ಹಚ್ಚಿ ಬಿಸಿಲನ್ನು
ಗಂಜಿಯ ತಿಳಿಯಷ್ಟು ಮೆತ್ತಗೆ ಸೋಸಿದೆ.
ಎದುರು ಬದಿಗೆ ಬಂದರಿನ ಐಸ್ ಪೆಟ್ಟಿಗೆಯ ಥರ್ಮೊಕೋಲ್ ಮುಚ್ಚಳ,
ಎಷ್ಟು ತೊಳೆದರೂ ಬಂಗುಡೆ ವಾಸನೆ,
ಮೀನಿನವಳಿಗೆ ಅಡ್ಡಿಯಿಲ್ಲ.
ಮಗುವಿನ ಹಲ್ಲುಜ್ಜುವ ಬ್ರಶ್ಶಿನಿಂದ ಒಬ್ಬೊಬ್ಬರನ್ನೇ ಕೊಡವಿದೆ;
ನಮಗೆ ಧೂಳಿನ ಕಣ, ಅವರ ತಲೆಗೆ ತೆಂಗಿನಕಾಯಿ.

ನಡುವೆ ಬ್ಯಾಂಕಿನ ಪಾಸ್‌ಬುಕ್ಕಿಗೆಂದು ಒಬ್ಬಾಕೆ ಬಂದಳು.
ಅದೇ ಸೋಸಿದ ಬೆಳಕಲ್ಲಿ ಕೂರಿಸಿದೆ.
ಹತ್ತು ವರ್ಷ ಸಣ್ಣವಳಾಗಿ ಹೋದಳು.

ಆಮೇಲೆ ಮಂಡಿಯೂರಿದೆ.
ಲೆನ್ಸನ್ನು ಅವರ ಹುಬ್ಬಿನ ಮಟ್ಟಕ್ಕೆ ಇಳಿಸಿದೆ.
ಆಗ ಮೇಜು ರಸ್ತೆಯಾಯಿತು.

ಹತ್ತಿರ ಹೋದಷ್ಟೂ ಲೆನ್ಸಿಗೆ ಜಿಪುಣತನ:
ಮೂಗು ಕೊಟ್ಟರೆ ಕಿವಿ ಕೊಡುವುದಿಲ್ಲ,
ಕಿವಿ ಕೊಟ್ಟರೆ ಬುಟ್ಟಿ ಮಂಜು.
ತೂತು ಸಣ್ಣದು ಮಾಡಿದೆ, ಬೆಳಕಿಗೆ ಹೆಚ್ಚು ಹೊತ್ತು ಕೊಟ್ಟೆ,
ನನ್ನ ಬೆರಳನ್ನೇ ನಂಬದೆ
ಎರಡು ಸೆಕೆಂಡಿನ ಟೈಮರಿಟ್ಟು ಉಸಿರು ಹಿಡಿದೆ.
ಕೆಳಗೆ ಸಿಟಿ ಬಸ್ಸು ಬ್ರೇಕು ಹಾಕಿದರೆ
ನಮ್ಮ ಕಟ್ಟಡ ಎಳ್ಳಷ್ಟು ಅಲುಗುತ್ತದೆ.
ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮಧ್ಯಾಹ್ನ ದಾಟಿ ಬಂತು. ಕಂಪ್ಯೂಟರ್ ತುಂಬ ಒಂದೇ ಮುಖ.
ಹನ್ನೊಂದು ಬೂತಾಯಿ.
ರವಿಕೆಯಂಚಿಗೆ ಅಂಟಿದ ಕುಂಚದ ರೋಮ.
ಮತ್ತೆ, ಕಣ್ಣು.

ಪ್ರತಿಯೊಬ್ಬರ ಅಂಗಾಲಿನಲ್ಲಿ ಸೂಜಿಯಿಂದ ಇಸವಿ ಕೊರೆದಿತ್ತು.
ಸಾಲಾಗಿ ಇಟ್ಟೆ. ಹಳಬರ ಕರಿಬೊಟ್ಟು ನಟ್ಟ ನಡುವೆ.
ಆಮೇಲಾಮೇಲೆ ಒಂದು ಕೂದಲೆಳೆ ಎಡಕ್ಕೆ,
ಮತ್ತೊಂದೆಳೆ ಎಡಕ್ಕೆ,
ಈ ವರ್ಷದ ಮೀನಿನವಳಲ್ಲಿ ರೆಪ್ಪೆ ದಾಟಿ ಹೊರಗೆ.
ಬರಿಗಣ್ಣಿಗೆ ಇದ್ಯಾವುದೂ ಕಾಣದು.
ಮಾಮನಿಗಂತೂ ಕಾಣದು.

ದಿನಾ ಮೊಡವೆ ಅಳಿಸುವವಳು ನಾನು,
ಕಾಲರ್ ನೆಟ್ಟಗೆ ಮಾಡುವವಳು.
ಒಂದು ಕ್ಲಿಕ್ಕಿಗೆ ಬೊಟ್ಟು ನಡುವಿಗೆ ಬರುತ್ತಿತ್ತು.
ಮೌಸಿನ ಮೇಲೆ ಕೈ ಇಟ್ಟಿದ್ದೆ, ಮೆಟ್ಟಿಲಲ್ಲಿ ಅವರ ಸದ್ದು,
ಗೋಡೆ ಸವರುತ್ತ, ಒಂದೊಂದಾಗಿ ಎಣಿಸುತ್ತ.

ಪರದೆಗೆ ಮೂಗು ತಾಗಿಸಿ ನೋಡಿದರು, ತುಂಬ ಹೊತ್ತು.
"ಮಾಮ, ಇವಳ ಕಣ್ಣು..."
"ಸರಿ ಉಂಟು.
ಅವಳು ನಿನ್ನನ್ನು ಎಂತಕ್ಕೆ ನೋಡುವುದು?
ಸ್ಟೇಟ್ ಬ್ಯಾಂಕಿನ ಬಸ್ಸು ಬಂತಾ ಅಂತ ನೋಡುವುದು.
ತಲೆಯಲ್ಲಿ ಬುಟ್ಟಿ ಉಂಟಲ್ಲ,
ಕುತ್ತಿಗೆ ತಿರುಗಿಸ್ಲಿಕ್ಕೆ ಆಗ್ತದಾ?"

ಹಾಗೆಯೇ ಸೇವ್ ಮಾಡಿದೆ.
ಮತ್ತೆ ಮಂಡಿಯೂರಿ, ಕಂಡಕ್ಟರನನ್ನು ತಂದು
ಅವಳ ಎಡಗಡೆ ನಿಲ್ಲಿಸಿದೆ, ಸ್ವಲ್ಪ ದೂರ,
ಫೋಕಸ್ಸಿನಿಂದ ಹೊರಗೆ, ಖಾಕಿ ಅಂತ ಗೊತ್ತಾಗುವಷ್ಟು.
ಇನ್ನೊಂದು ತೆಗೆದೆ.

ಬಿಲ್ಲಿನ ಹಿಂದೆ ಕಂಕನಾಡಿಯ ಕಣ್ಣಿನ ಡಾಕ್ಟರ ನಂಬರು ಬರೆದೆ,
ಹತ್ತು ಅಂಕಿ, ಮೂರು ಸಾಲಿನಲ್ಲಿ,
ಕಾಗದ ಸಾಲುವಷ್ಟು ದೊಡ್ಡದಾಗಿ.