ದೊರೆಗೆ ಕ್ಷೌರ

ಶೋಪ್ರೋನಿನ ಹಳೆ ಕೋಟೆಗೋಡೆಗೆ ಬೆನ್ನು ಕೊಟ್ಟ ಅಂಗಡಿ.
ಎರಡು ಕುರ್ಚಿ, ಒಂದು ಬಿರುಕುಗನ್ನಡಿ.
ಗಿರಾಕಿ ಬಾರದ ಮಂಗಳವಾರ ಮಧ್ಯಾಹ್ನ
ದೆಜೋ ಮಾವ ಸಾಬೂನಿನ ತಗಡು ಡಬ್ಬ ತೆಗೆದು
ಟವೆಲಿನ ಮೇಲೆ ದೊರೆಯನ್ನು ಸಾಲಾಗಿ ಕೂರಿಸುತ್ತಿದ್ದ.

ಒಬ್ಬನೇ ದೊರೆ. ನಲವತ್ತೊಂದು ನಾಣ್ಯ.
"ಇಲ್ಲಿ ನೋಡು ಪಿರೋಷ್ಕಾ, ಇನ್ನೂ ಹುಡುಗ, ನುಣ್ಣನೆ ಗಲ್ಲ.
ಇಲ್ಲಿ ಮೀಸೆ ಬಂತು. ಇಲ್ಲಿ ಕೆನ್ನೆಗಡ್ಡ
ಕಿವಿಯಿಂದಿಳಿದು ಮೀಸೆಯ ಜೊತೆ ಬೀಗತನ ಬೆಳೆಸಿತು.
ಇಲ್ಲಿ ನೆತ್ತಿ ಬೋಳು. ಅಚ್ಚು ಕೊರೆದವನು ನಿಯತ್ತಿನವನು,
ಒಂದು ಕೂದಲಿಗೂ ಲಂಚ ತಿಂದಿಲ್ಲ."

ಬೇರೆಯವರು ಇಸವಿ ನೋಡಿ ಕೊಳ್ಳುತ್ತಾರಂತೆ,
ಟಂಕಸಾಲೆಯ ಗುರುತು ನೋಡಿ.
ಮಾವ ಕೊಳ್ಳುತ್ತಿದ್ದದ್ದು ಕತ್ತರಿಯ ಕೆಲಸ ನೋಡಿ.
ಮುಖ ನೋಡಿ ಮಣೆ ಹಾಕುವುದೇ
ನಮ್ಮ ಕಸುಬಲ್ಲವೇ, ಎಂದು ನಗುತ್ತಿದ್ದ.

ಒಂದರಲ್ಲಿ ಮೂಗೇ ಇಲ್ಲ.
ಬ್ರೆಡ್ಡಿಗೆ, ಬಾಡಿಗೆಗೆ, ಇಸ್ಪೀಟಿಗೆ, ಸೂಲಗಿತ್ತಿಗೆ
ಕೈಯಿಂದ ಕೈಗೆ ದಾಟಿ ದಾಟಿ
ಹೆಬ್ಬೆರಳುಗಳು ತಿಂದ ಮೂಗು.
"ಎದುರು ನಿಂತು ಯಾರೂ ಮಾತಾಡದಿದ್ದವನ ಮೂಗು
ಯಾರೆಲ್ಲ ಸವರಿದ್ದಾರೆ ನೋಡು!"

ನನಗಾಗ ಹದಿನೈದು.
ಅವನ ಹೆಸರುಹಬ್ಬದ ಬೆಳಗ್ಗೆ, ಖುಷಿಯಾಗಲಿ ಅಂತ,
ಸೀಮೆಸುಣ್ಣ, ಸಾಬೂನು, ಹಳೆ ಬ್ರಷ್ಷು ಹಿಡಿದು
ಎಲ್ಲಕ್ಕಿಂತ ಕಪ್ಪಾದದ್ದೊಂದನ್ನು ತಿಕ್ಕಿದೆ.
ಕಿವಿಯ ಹಿಂದೆ, ಗಡ್ಡದ ಎಳೆ ಎಳೆಯ ನಡುವೆ
ನೂರು ವರ್ಷ ಕೂತಿದ್ದ ಕಪ್ಪು
ತೊಟ್ಟಿಯ ನೀರಲ್ಲಿ ಹೋಯಿತು.
ಫಳಫಳ, ಸ್ಟೀಲ್ ಚಮಚದ ಹಾಗೆ.

ಮಾವ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ,
"ಒಳ್ಳೆ ಕ್ಷೌರ ಮಾಡಿದ್ದೀಯ. ರಕ್ತ ಬಂದಿಲ್ಲ."

ಅದೊಂದು ಮತ್ತೆ ಡಬ್ಬಕ್ಕೆ ಹೋಗಲಿಲ್ಲ.
ಕೋಟಿನ ಕಿಸೆಯಲ್ಲಿ ಬೀಗದ ಕೈ, ತಂಬಾಕಿನ ಪುಡಿ,
ಅಂಗೈಯ ಬೆವರಿನ ಜೊತೆ ಇಪ್ಪತ್ತಾರು ವರ್ಷ ಓಡಾಡಿತು.
ಅಂಗಡಿಗೆ, ಚರ್ಚಿಗೆ, ಮೂರು ಸಲ ಕಣ್ಣಿನ ಡಾಕ್ಟರ ಹತ್ತಿರ.
ಆಸ್ಪತ್ರೆಯಲ್ಲಿ ಕೊನೆ ಸಲ ನಾನು ಅವನ ಗಡ್ಡ ಹೆರೆದಾಗಲೂ
ಮುಷ್ಟಿಯಲ್ಲೇ ಇತ್ತು.

ನಿನ್ನೆ ವಿಯೆನ್ನಾದಿಂದ ವ್ಯಾಪಾರಿ ಬಂದ,
ಭೂತಗನ್ನಡಿ ಕಣ್ಣಿಗೊತ್ತಿ ನಲವತ್ತಕ್ಕೆ ಬೆಲೆ ಹೇಳಿದ.
ಇದನ್ನು ಬೆರಳ ತುದಿಯಲ್ಲಿ ಆಚೆ ತಳ್ಳಿದ:
"ಯಾರೋ ತೊಳೆದಿದ್ದಾರೆ. ಬರೀ ಬೆಳ್ಳಿಯ ತೂಕ."

ದೀಪದ ಕೆಳಗೆ ಓರೆಯಾಗಿ ಹಿಡಿದೆ.
ಗದ್ದದಡಿ, ಕಿವಿಯ ಸಂದಿಯಲ್ಲಿ
ಸಣ್ಣಗೆ ನೆರಳು, ಎರಡನೇ ದಿನದ ಕೂಳೆಯಷ್ಟು.
ಇದು ಮಾರಾಟಕ್ಕಿಲ್ಲ, ಎಂದೆ.
ಇನ್ನೂ ಬೆಳೆಯುತ್ತಿದೆ.