ಒಕ್ಕಲು ಬಾರದ ಮನೆ

ಪೀಣ್ಯದ ಶೆಡ್ಡಿನಲ್ಲಿ ಚೌರಪ್ಪ ಕಟ್ಟುವುದು
ಒಕ್ಕಲು ಬಾರದ ಮನೆ.
ಎದೆಯೆತ್ತರದ ಗೋಡೆ, ಅಂಗೈಯಗಲ ಕಿಟಕಿ,
ಗಾರೆ ಮಾತ್ರ ನಿಜದ್ದು.
ಇಪ್ಪತ್ತೆಂಟು ದಿನ ನೀರುಣಿಸುತ್ತಾನೆ.
ಆಮೇಲೆ ಗುಂಡಿ ಒತ್ತುವವಳು ನಾನು.

ಹೋದ ತಿಂಗಳದ್ದು
ಹನ್ನೊಂದು ಸೆಕೆಂಡಿಗೆ ಮೂಲೆ ಬಿಚ್ಚಿತು.
"ನಿಮ್ಮ ಕೆಲಸ ನೀವು ಮಾಡಿದ್ರಿ" ಎಂದು
ಬೀಡಿ ಹಚ್ಚಲು ಹೊರಗೆ ಹೋದ.

ಈ ಸಲ ಪಾಯಕ್ಕೂ ಗೋಡೆಗೂ ನಡುವೆ
ಹಳೇ ಲಾರಿ ಟೈರು, ಚೌಕ ಕುಯ್ದು ಪೇರಿಸಿದ್ದು,
ಕಲಾಸಿಪಾಳ್ಯದ ಗುಜರಿಯಿಂದ ಕಿಲೋ ಲೆಕ್ಕದಲ್ಲಿ ತಂದದ್ದು.
"ಮೂವತ್ತು ವರ್ಷ ನೆಲ ಕಚ್ಚಿಸಿ ಕಟ್ಟಿದ ಕೈ ಮೇಡಂ,
ಬಿಟ್ಟು ನಿಲ್ಲೋ ಮನೆ ಎಂಥ ಮನೆ?"
ಎಂದವನೇ ರಸಮಟ್ಟ ಎರಡೆರಡು ಸಲ ಇಟ್ಟು ನೋಡಿದ.
ನನಗೆ ಕಾಣದ ಹಾಗೆ ಒಳಗೊಂದು ಟೀ ಲೋಟ ಇಟ್ಟ,
ತುಂಬಿದ್ದು.

ಒತ್ತಿದೆ.
ಕಿಲ್ಲಾರಿಯ ಆ ಬೆಳಗಿನ ಜಾವ
ಪೀಣ್ಯದ ಮಧ್ಯಾಹ್ನಕ್ಕೆ ಬಂತು.
ಮೇಜು ಹುಚ್ಚೆದ್ದು ಜಗ್ಗಿತು. ಮನೆ,
ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿಯದೆ
ಟಿಕೆಟ್ ಹರಿಯುವ ಕಂಡಕ್ಟರನ ಹಾಗೆ
ಮೊಣಕಾಲು ಸಡಿಲಿಸಿ ನಿಂತಿತು.

ಟೀ ಒಂದಿಷ್ಟು ಚೆಲ್ಲಿತ್ತು.
ಉಳಿದದ್ದನ್ನು ಅವನು ಕುಡಿದ, ಆರಿದ್ದರೂ.

ಟ್ಯಾನರಿ ರೋಡಿನಲ್ಲಿ ಅವನದು ಬಾಡಿಗೆಯ ಮೂರನೇ ಮಹಡಿ.
ಕೆಳಗೆ ಮೆಟ್ರೋ ಕೊರೆದ ವರ್ಷ
ರಾತ್ರಿಯೆಲ್ಲ ಪಾತ್ರೆಗಳು ತಮ್ಮತಮ್ಮಲ್ಲೇ ಮಾತಾಡುತ್ತಿದ್ದವಂತೆ.
"ಕಟ್ಟಿಯಾದ ಮನೆ ಕೆಳಗೆ
ಇದನ್ನ ತೂರಿಸೋಕಾಗತ್ತಾ?"
ನಾನು ಗ್ರಾಫು ನೋಡುತ್ತಿದ್ದೆ.

ಮಿಕ್ಕ ಎರಡು ತುಂಡು ಟೈರು
ಅವನ ಊಟದ ಚೀಲಕ್ಕಿಳಿದದ್ದು ಕಂಡಿತು.
ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ.